ಜೋಡಿ ಬಿಟ್ಟು ಓಡಿದ ವರ್ಷ

ದಾಂಡೇಲಿಯ ನಾಟಾ ಡಿಪೋದಲ್ಲಿ ಮರದ ತುಂಡುಗಳನ್ನು ಮನುಷ್ಯರ ಹೆಗಲೇ ಎತ್ತುತ್ತಿದ್ದ ದಿನಗಳು ಅವು. ತೊಂಬತ್ತರ ಆಚೀಚೆ ಎಂದು ಹೇಳಬಲ್ಲೆ, ಇಸವಿ ಕೇಳಬೇಡಿ. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವಳು. ನಲವತ್ತು ದಾಟುವುದರೊಳಗೆ ಅಜ್ಜಿಯೂ ಆದೆ, ನಮ್ಮಲ್ಲಿ ಹಾಗೆಯೇ. ಈಗ ಊರೂರಲ್ಲಿ ಓಟ ಇಡುತ್ತಾರೆ, ಬಣ್ಣದ ಬೂಟು ಹಾಕಿಕೊಂಡು ಬೇಕಂತಲೇ ಓಡುತ್ತಾರೆ. ಆಗ ನಮ್ಮ ಓಣಿಯಲ್ಲಿ ದೊಡ್ಡವರು ಯಾರಾದರೂ ಓಡಿದರೆ ಒಂದೋ ಕಳ್ಳ, ಇಲ್ಲವೇ ಬಸ್ಸು ತಪ್ಪಿದವ. ಹಾಗಾಗಿ ಅಪ್ಪ ಓಡಲು ಶುರು ಮಾಡಿದಾಗ ಜನ ಮೊದಲು ನೋಡಿದ್ದು ಅವನ ಹಿಂದೆ ಯಾರು ಬರುತ್ತಿದ್ದಾರೆ ಅಂತ.

ಅಪ್ಪನ ಹೆಸರು ಯಲ್ಲಪ್ಪ. ಡಿಪೋದಲ್ಲಿ ಹಮಾಲ. ಮೈಯೆಲ್ಲ ಹಸಿ ಸಾಗವಾನಿಯ ವಾಸನೆ, ತಲೆ ತೊಳೆದರೂ ಹೋಗುತ್ತಿರಲಿಲ್ಲ. ನಾಟಾ ಹೊರುವುದು ಒಬ್ಬರ ಕೆಲಸವಲ್ಲ. ತುಂಡಿನ ಕೆಳಗೆ ಹಗ್ಗ ಹಾಯಿಸಿ, ಹಗ್ಗಕ್ಕೆ ಬಡಿಗೆ ಸಿಕ್ಕಿಸಿ, ಬಡಿಗೆಯ ಎರಡು ತುದಿಗೆ ಇಬ್ಬರು ಹೆಗಲು ಕೊಡಬೇಕು. ಇದಕ್ಕೆ ಜೋಡಿ ಅನ್ನುತ್ತಿದ್ದರು. ಅಪ್ಪನ ಜೋಡಿ ಇಮಾಮ ಕಾಕಾ. ಕಾಕಾ ಮುಂದಿನ ತುದಿ, ಅಪ್ಪ ಹಿಂದಿನ ತುದಿ. ಹಿಂದಿನವನಿಗೆ ದಾರಿ ಕಾಣುವುದಿಲ್ಲ. ಮುಂದಿನವನ ಹಿಮ್ಮಡಿ ನೋಡಿಕೊಂಡೇ ಹೆಜ್ಜೆ ಇಡಬೇಕು. ಅವನು ನಿಂತರೆ ನಿಲ್ಲಬೇಕು, ಕೂತರೆ ಕೂರಬೇಕು. ಒಬ್ಬ ತಪ್ಪಿಸಿದರೆ ಇನ್ನೊಬ್ಬನ ಬೆನ್ನು ಮುರಿಯಿತು. ನಡುವೆ ತುದಿ ಬಿಡಲೇಬೇಕಾದರೆ ಮೂರನೆಯವನು ಬಂದು ಹೆಗಲು ಕೊಟ್ಟ ಮೇಲೆಯೇ ಬಿಡಬೇಕು. ಜೋಡಿ ಇಲ್ಲದವನಿಗೆ ಮೇಸ್ತ್ರಿ ಹೊರೆ ಕೊಡುತ್ತಿರಲಿಲ್ಲ. ಗಂಡ ಹೆಂಡತಿ ಜಗಳಾಡಿ ಬೇರೆಯಾದದ್ದು ನಮ್ಮ ಓಣಿಯಲ್ಲಿತ್ತು, ಜೋಡಿ ಬೇರೆಯಾದದ್ದು ಇರಲಿಲ್ಲ.

ಆ ವರ್ಷ ಅಪ್ಪನ ಹೆಗಲಿನ ಗಂಟು ನಿಂಬೆಹಣ್ಣಿನಷ್ಟು ಇದ್ದದ್ದು ಮೋಸಂಬಿಯಷ್ಟಾಯಿತು. ಅನ್ನ ಕಲಸಿ ಬಾಯಿಗೆ ಒಯ್ಯುವಾಗ ಕೈ ನಡುಗುತ್ತಿತ್ತು. ಹೊರೆ ಬಿಡದಿದ್ದರೆ ಕೈ ಹೋಗುತ್ತದೆ ಎಂದು ಹಳಿಯಾಳದ ಡಾಕ್ಟರು ಹೇಳಿದರು. ಬಿಟ್ಟರೆ ಏನು ತಿನ್ನಬೇಕು ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಂಥ ಹೊತ್ತಿನಲ್ಲಿ ಒಂದು ದಿನ ಡಿಪೋದಿಂದ ಹೊರಟ ಲಾರಿಯ ಹಗ್ಗ ಸಡಿಲಾಗಿ ಮೇಲಿನ ತುಂಡು ಅಲ್ಲಾಡುತ್ತಿತ್ತು. ಡ್ರೈವರನಿಗೆ ಗೊತ್ತಿಲ್ಲ. ಅಪ್ಪ ಬೆನ್ನು ಹತ್ತಿ ಓಡಿದ. ಹಳಿಯಾಳ ರಸ್ತೆಯ ಏರಿನಲ್ಲಿ ಲಾರಿ ಹಿಡಿದು ನಿಲ್ಲಿಸಿದ. ಹಿಂದೆ ಜೀಪಿನಲ್ಲಿ ಬರುತ್ತಿದ್ದ ಪುಣೆಯ ಸೇಠ್ ಇದನ್ನೆಲ್ಲ ನೋಡಿದ. ಮರ ಕೊಳ್ಳಲು ಬಂದಿದ್ದವನು ಅವನು. ಅವನ ಪ್ಲೈವುಡ್ ಕಾರ್ಖಾನೆಯ ಆಳುಗಳು ಪುಣೆಯ ದೊಡ್ಡ ಓಟದಲ್ಲಿ ಕಾರ್ಖಾನೆಯ ಬನಿಯನ್ ಹಾಕಿಕೊಂಡು ಓಡುತ್ತಿದ್ದರಂತೆ. ನೀನೂ ಬಾ, ಪೂರ್ತಿ ಓಡಿ ಮುಗಿಸು, ಹೊರೆ ಇಲ್ಲದ ಕಾಯಂ ಕೆಲಸ ಕೊಡುತ್ತೇನೆ, ಇರಲು ಖೋಲಿ ಕೊಡುತ್ತೇನೆ ಅಂದ. ಒಂದು ಷರತ್ತು ಹಾಕಿದ. ಓಟದ ಕಟ್ಟಕಡೆಗೆ ಒಂದು ವ್ಯಾನ್ ಬರುತ್ತದೆ, ಹಿಂದೆ ಬಿದ್ದವರನ್ನು ಎತ್ತಿ ಹಾಕಿಕೊಂಡು ಹೋಗುತ್ತದೆ. ಅದು ನಿನ್ನನ್ನು ದಾಟಿತೋ, ಓಟವೂ ಇಲ್ಲ, ಕೆಲಸವೂ ಇಲ್ಲ.

ದೂರ ಎಷ್ಟು ಎಂದು ಅವ್ವ ಕೇಳಿದಳು. ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗಿ, ಚಹಾನೂ ಕುಡಿಯದೆ ತಿರುಗಿ ಬಂದಷ್ಟು ಎಂದ ಅಪ್ಪ.

"ಬಸ್ಸಿನ್ಯಾಗ ಹೋಗಿಬಂದ್ರ ನನಗ ವಾಂತಿ ಆಗತೈತಿ," ಎಂದಳು ಅವ್ವ. ಆಕೆಯ ಅಭಿಪ್ರಾಯ ಅಷ್ಟೇ.

ಓಟ ಕಲಿಸುವ ಹೊಣೆ ಇಮಾಮ ಕಾಕಾ ಹೊತ್ತ. ಅವನಿಗೂ ಓಟ ಗೊತ್ತಿರಲಿಲ್ಲ, ಆದರೆ ಅಪ್ಪನ ಹೆಜ್ಜೆ ಗೊತ್ತಿತ್ತು. ಬೆಳಗು ಹರಿಯುವ ಮೊದಲೇ ಹೊರಡುತ್ತಿದ್ದೆವು. ಆ ರಸ್ತೆಯಲ್ಲಿ ಕಾಡುಕೋಣ ಅಡ್ಡ ನಿಲ್ಲುತ್ತಿದ್ದುದರಿಂದ ಕಾಕಾ ಸೈಕಲ್ ತುಳಿಯುತ್ತ ಮುಂದೆ, ಅಪ್ಪ ಅದರ ಗಾಲಿ ನೋಡಿಕೊಂಡು ಹಿಂದೆ. ನೀರಿನ ಬಾಟ್ಲಿ ಹಿಡಿದು ನಾನು ಕ್ಯಾರಿಯರ್ ಮೇಲೆ ಹಿಮ್ಮುಖವಾಗಿ ಕೂತಿರುತ್ತಿದ್ದೆ. ದಾರಿಯುದ್ದಕ್ಕೂ ನನಗೆ ಕಾಣುತ್ತಿದ್ದದ್ದು ಅಪ್ಪನ ಮುಖ ಮಾತ್ರ. ಚಳಿಗೆ ಅವನ ಬಾಯಿಂದ ಹೊಗೆ ಬರುತ್ತಿತ್ತು. ತಿರುಗಿ ಬಂದ ಮೇಲೆ ಅವ್ವ ರಾಗಿ ಅಂಬಲಿಗೆ ಮಜ್ಜಿಗೆ, ಹಸಿ ಉಳ್ಳಾಗಡ್ಡಿ ಹಾಕಿ ಕೊಡುತ್ತಿದ್ದಳು, ಮೇಲೆ ಮುಷ್ಟಿ ಶೇಂಗಾ, ಬೆಲ್ಲ. ಅಪ್ಪನ ನೆಪದಲ್ಲಿ ನನಗೂ ಬೆಲ್ಲ ಸಿಗುತ್ತಿತ್ತು, ಹಾಗಾಗಿ ಓಟ ನನಗೆ ಒಳ್ಳೆಯದೇ ಅನಿಸಿತ್ತು. ಸಂಜೆ ಕುಂಟಾಬಿಲ್ಲೆ ಆಡಲು ಹೋದರೆ ಹುಡುಗಿಯರು ಅಪ್ಪ ಏದುಸಿರು ಬಿಡುವುದನ್ನು ಅಣಕಿಸಿ ತೋರಿಸುತ್ತಿದ್ದರು. ಇಬ್ಬರಿಗೆ ಹೊಡೆದೆ.

ಒಂದು ದಿನ ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಅವ್ವ ಕೇಳಿಯೇಬಿಟ್ಟಳು.

"ಅಣ್ಣಾರ, ಇವರು ಪುಣೇಕ ಹೋದ್ರ ನಿಮಗ ಜೋಡಿ ಯಾರು?"

ಕಾಕಾ ತಲೆ ಎತ್ತಲಿಲ್ಲ. "ಮೊದಲ ಓಡ್ಲಿ ತಡಿಯವಾ. ನಿನ್ನ ಗಂಡ ಇನ್ನೂ ಮುದಿ ಎತ್ತಿನಂಗ ಉಸರ ಬಿಡಾಕತ್ತಾನ."

ಕಾಕಾನಿಗೆ ಆಗಲೇ ಐವತ್ತರ ಹತ್ತಿರ. ಆ ವಯಸ್ಸಿನವನ ಹಿಂದಿನ ತುದಿಗೆ ಹೊಸಬ ಯಾರೂ ಹೆಗಲು ಕೊಡುವುದಿಲ್ಲ ಎಂದು ಅಪ್ಪ, ಅವ್ವ, ಕಾಕಾ ಮೂವರಿಗೂ ಗೊತ್ತಿತ್ತು.

ಓಟಕ್ಕೆ ನಾವು ನಾಲ್ವರೂ ಹೋದೆವು. ಅಳ್ನಾವರದಲ್ಲಿ ರೈಲು ಹತ್ತಿ, ಮೀರಜಿನಲ್ಲಿ ಗಾಡಿ ಬದಲಿಸಿ. ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆಗೆಂದು ಒಂದು ಹಿತ್ತಾಳೆಯ ಚರಿಗೆ. ಪುಣೆಯಲ್ಲಿ ಬೆಳಿಗ್ಗೆ ಓಡುವವರನ್ನು ನೋಡಿದರೆ ಜಾತ್ರೆಯ ಕುರಿಗಳ ಹಾಗೆ ಒತ್ತೊತ್ತಾಗಿ ನಿಂತಿದ್ದರು. ಹೋದ ದಾರಿಯಲ್ಲೇ ತಿರುಗಿ ಬರುವ ಓಟ ಅದು. ಸೇಠ್‌ನ ಕಡೆಯವನೊಬ್ಬ ನಮ್ಮನ್ನು ಒಂದು ಸೇತುವೆಯ ಬಳಿ ನಿಲ್ಲಿಸಿ, ಇಲ್ಲಿ ಎರಡು ಸಲ ಕಾಣುತ್ತಾನೆ, ಎರಡನೇ ಸಲ ಕಂಡರೆ ಮುಗಿದ ಹಾಗೆಯೇ ಅಂತ ಹೇಳಿ ಹೋದ.

ಮೊದಲ ಸಲ ಅಪ್ಪ ಚೆನ್ನಾಗಿಯೇ ಬಂದ. ಮುಂದೆ ಹಳದಿ ಬನಿಯನ್ನಿನ ಸಣಕಲ ಮನುಷ್ಯ, ಅವನ ಬೆನ್ನಿಗೆ ಅಪ್ಪ. ಅಪ್ಪ ನಮ್ಮನ್ನು ನೋಡಲೇ ಇಲ್ಲ, ಕಣ್ಣು ಆ ಮನುಷ್ಯನ ಹಿಮ್ಮಡಿಯ ಮೇಲಿತ್ತು. ಹೆಜ್ಜೆ ಸಿಕ್ಕಿತು ಎಂದು ಕಾಕಾ ತೊಡೆ ತಟ್ಟಿಕೊಂಡ.

ಆಮೇಲೆ ಕಾಯುವುದೇ ಕಾಯುವುದು. ಬಿಸಿಲು ಏರಿತು. ತಿರುಗಿ ಬರುವವರು ಬಂದರು, ಹೋದರು. ಕೆಂಪು ಬನಿಯನ್, ನೀಲಿ ಬನಿಯನ್, ಕನ್ನಡಕದವರು, ಒಬ್ಬ ಮುದುಕನೂ ಬಂದ. ಅಪ್ಪ ಇಲ್ಲ. ಅವ್ವ ಮಜ್ಜಿಗೆಯ ಚರಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ ನಿಂತಿದ್ದಳು. ಬರುವವರ ಸಾಲು ತೆಳ್ಳಗಾಯಿತು. ಎದುರಿಗಿದ್ದ ಜನ ಮನೆಗೆ ಹೊರಟರು, ಪೊಲೀಸನೊಬ್ಬ ಕಟ್ಟಿದ ಹಗ್ಗ ಸುತ್ತತೊಡಗಿದ. ನನಗೆ ಉಚ್ಚೆ ಬಂದಿತ್ತು, ಹೇಳಲು ಧೈರ್ಯವಾಗಲಿಲ್ಲ.

ಕಡೆಗೂ ಸೇತುವೆಯ ಆ ತುದಿಯಲ್ಲಿ ಹಳದಿ ಬನಿಯನ್ ಕಂಡಿತು. ಹಿಂದೆ ಅಪ್ಪ. ಇಬ್ಬರೂ ಓಡುತ್ತಿರಲಿಲ್ಲ, ಎಳೆಯುತ್ತಿದ್ದರು. ಆ ಮನುಷ್ಯ ಕಾಲು ಎಳೆದರೆ ಅಪ್ಪನೂ ಎಳೆಯುತ್ತಿದ್ದ, ಅವನು ತಡೆದರೆ ಅಪ್ಪನೂ ತಡೆಯುತ್ತಿದ್ದ. ಅಪ್ಪನಿಗೆ ದಣಿವಾಗಿರಲಿಲ್ಲ, ಮುಖ ನೋಡಿದರೆ ನನಗೆ ಗೊತ್ತಾಗುತ್ತಿತ್ತು. ಹಳಿಯಾಳ ರಸ್ತೆಯಲ್ಲಿ ಇದಕ್ಕಿಂತ ಕೆಟ್ಟ ಮುಖ ನೋಡಿದ್ದೆ.

ಕಾಕಾನ ಮುಖ ಕಪ್ಪಿಟ್ಟಿತು. "ಜೋಡಿ ಹಿಡದಾನ," ಎಂದ ಮೆಲ್ಲಗೆ. "ನಾನ ಕಲಿಸಿದ್ದು. ಮುಂದಿನಾವನ್ನ ದಾಟೂದು ಕಲಿಸಲಿಲ್ಲ."

ನಮ್ಮಿಂದ ಸ್ವಲ್ಪ ದೂರದಲ್ಲಿ ಆ ಮನುಷ್ಯನ ಮೊಣಕಾಲು ಮಡಿಚಿತು. ರಸ್ತೆಯ ಪಕ್ಕ ಕುಸಿದು ಕೂತ. ಅಪ್ಪನೂ ಕೂತ. ಅವನ ಬೆನ್ನಿಗೆ ಹೆಗಲು ಕೊಟ್ಟು, ಡಿಪೋದಲ್ಲಿ ಹೊರೆ ಇಳಿಸಿ ಕೂರುವ ಹಾಗೆಯೇ ಕೂತ. ನಾವು ಓಡಿದೆವು. ಅಷ್ಟರಲ್ಲಿ ಸೇತುವೆಯ ಆ ಕಡೆ ಬಿಳಿ ವ್ಯಾನ್ ಕಂಡಿತು, ನಿಧಾನಕ್ಕೆ, ಹೆಣದ ಮೆರವಣಿಗೆಯ ಹಾಗೆ.

ಅವ್ವ ಮಜ್ಜಿಗೆ ಕೊಡಲಿಲ್ಲ. ಚರಿಗೆ ಕೆಳಗಿಟ್ಟು ಅಪ್ಪನ ರಟ್ಟೆ ಹಿಡಿದು ಜಗ್ಗಿದಳು. "ಏಳ್ರಿ. ಅಂವ ಯಾರ ಆಗಬೇಕ ನಿಮಗ?"

"ಮುಂಜಾನಿಂದ ಇಂವನ ಹಿಂದನ ಬಂದೇನಿ," ಎಂದ ಅಪ್ಪ. "ಕುಂತಾವನ್ನ ಹೆಂಗ ಬಿಟ್ಟ ಏಳ್ಲಿ?"

ಆ ಮನುಷ್ಯ ಮರಾಠಿಯಲ್ಲಿ ಏನೋ ಹೇಳಿದ, ಹೋಗು ಎಂದು ಕೈ ಆಡಿಸಿದ. ಅಪ್ಪನಿಗೆ ಮರಾಠಿ ಬರುತ್ತಿತ್ತು, ಆದರೂ ಏಳಲಿಲ್ಲ. ಅವ್ವ ಬೈಯತೊಡಗಿದಳು. ಹೆಗಲಿನ ಗಂಟು, ಡಾಕ್ಟರು, ಬೆಳೆಯುವ ಮಗಳು, ಎಲ್ಲ ತೆಗೆದಳು. ಅಪ್ಪ ನೆಲ ನೋಡುತ್ತ ಕೂತಿದ್ದ. ವ್ಯಾನಿನ ಮುಂದಿನ ಗಾಜಿನಲ್ಲಿ ಬಿಸಿಲು ಹೊಳೆಯುತ್ತಿತ್ತು. ಒಳಗೆ ಕೂತವರ ತಲೆಗಳೂ ಕಾಣುವಷ್ಟು ಹತ್ತಿರ ಬಂತು.

ಆಗ ಇಮಾಮ ಕಾಕಾ ಬಗ್ಗಿ ಆ ಮನುಷ್ಯನ ಕಂಕುಳಿಗೆ ತನ್ನ ಹೆಗಲು ಸೇರಿಸಿದ. ಡಿಪೋದಲ್ಲಿ ಮೂರನೆಯವನು ಬಂದು ಹೇಳುವ ಹಾಗೆಯೇ, ಅದೇ ದನಿಯಲ್ಲಿ ಹೇಳಿದ.

"ಯಲ್ಲ್ಯಾ, ತುದಿ ನನಗ ಬಂತು. ನೀ ಹೆಗಲ ತಗಿ."

ಅಪ್ಪ ತಲೆ ಎತ್ತಿ ಕಾಕಾನನ್ನು ನೋಡಿದ. ಎಷ್ಟೋ ವರ್ಷ ಬೆನ್ನು ನೋಡಿದವನು, ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು.

"ಇಮಾಮಣ್ಣ," ಎಂದ.

"ತಗೀ ಅಂದೆ. ಮುಂದ ಯಾರೂ ಇಲ್ಲ ಅಂತ ತಿಳಕೊಂಡು ಓಡು."

ಅಪ್ಪ ಹೆಗಲು ತೆಗೆದ. ಎದ್ದ. ಲಾರಿಯ ಬೆನ್ನು ಹತ್ತಿದ ದಿನದ ಹಾಗೆ ಓಡಿದ. ವ್ಯಾನ್ ನಮ್ಮ ಬಳಿ ನಿಂತು ಆ ಮನುಷ್ಯನನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಅಪ್ಪ ತಿರುವು ದಾಟಿದ್ದ. ಕಾಕಾ ರಸ್ತೆಯಲ್ಲೇ ನಿಂತು ನೋಡುತ್ತಿದ್ದ. ಅವ್ವ ಚರಿಗೆ ಎತ್ತಿ ಮಜ್ಜಿಗೆ ಅವನಿಗೆ ಕೊಟ್ಟಳು. ಅವನು ಒಂದೇ ಗುಟುಕಿಗೆ ಕುಡಿದ.

ವ್ಯಾನಿಗಿಂತ ಮೊದಲೇ ಅಪ್ಪ ಮುಟ್ಟಿದ. ಸೇಠ್ ಮಾತು ಉಳಿಸಿಕೊಂಡ. ಬೇಸಿಗೆಯ ಹೊತ್ತಿಗೆ ನಾವು ಪುಣೆಯ ಖೋಲಿಯಲ್ಲಿದ್ದೆವು. ಅಪ್ಪನ ಹೆಗಲಿನ ಗಂಟು ಇಳಿಯಿತು, ಕೈ ಉಳಿಯಿತು. ಎರಡು ಹೊತ್ತಿನ ಊಟಕ್ಕೆ ಎಂದೂ ತೊಂದರೆಯಾಗಲಿಲ್ಲ. ಅದನ್ನು ಸುಳ್ಳು ಹೇಳಿ ನನಗೇನಾಗಬೇಕು? ಆದರೆ ಅಪ್ಪ ಆ ಊರಲ್ಲಿ ಒಬ್ಬನನ್ನೂ ಗೆಳೆಯ ಎಂದು ಮನೆಗೆ ಕರೆತರಲಿಲ್ಲ. ಕೆಲಸ ಮುಗಿಸಿ ಬರುವಾಗ ರಸ್ತೆಯಲ್ಲಿ ಮುಂದೆ ಹೋಗುವವರ ಹಿಂದೆ ಹೆಜ್ಜೆಗೆ ಹೆಜ್ಜೆ ಇಟ್ಟು ನಡೆಯುತ್ತಿದ್ದ. ಅವರು ಜೇಬು ಮುಟ್ಟಿ ನೋಡಿಕೊಂಡು ಸರಿದು ನಿಲ್ಲುತ್ತಿದ್ದರು.

ಕಾಕಾನಿಗೆ ಜೋಡಿ ಸಿಗಲಿಲ್ಲ. ಮೇಸ್ತ್ರಿ ಅವನನ್ನು ಹೆಂಗಸರ ಜೊತೆ ಮರದ ಸಿಪ್ಪೆ ಆರಿಸಲು ಹಾಕಿದ. ನನ್ನನ್ನು ಹಳಿಯಾಳಕ್ಕೆ ಮದುವೆ ಮಾಡಿ ಕೊಟ್ಟ ಮೇಲೆ ಎರಡು ಸಲ ಹೋಗಿ ನೋಡಿದೆ. ಯಲ್ಲ್ಯಾ ಹೆಂಗದಾನ ಅಂತ ಕೇಳುತ್ತಿದ್ದ, ತನ್ನ ವಿಷಯ ಹೇಳುತ್ತಿರಲಿಲ್ಲ. ಒಂದು ಮಳೆಗಾಲ ಜ್ವರ ಬಂದು ತೀರಿಕೊಂಡ. ಸುದ್ದಿ ಪುಣೆಗೆ ಮುಟ್ಟಿ ಅಪ್ಪ ದಾಂಡೇಲಿಗೆ ಬರುವಷ್ಟರಲ್ಲಿ ಮಣ್ಣಾಗಿ ಮೂರು ದಿನ ಕಳೆದಿತ್ತು.

ಕಾಕಾನ ಮನೆಯ ಮುಂದೆ ಡಿಪೋದ ಹಳೆಯ ಹಮಾಲರು ಕೂತಿದ್ದರು. ಅಪ್ಪ ಅಳಲಿಲ್ಲ. ಎಷ್ಟು ದಿನ ಮಲಗಿದ್ದ, ಏನು ಔಷಧ ಕೊಟ್ಟಿರಿ, ಯಾವುದನ್ನೂ ಕೇಳಲಿಲ್ಲ.

"ಇಮಾಮಣ್ಣನ್ನ ಹೊರೂಮುಂದ ಹಿಂದಿನ ತುದಿ ಯಾರು ಹಿಡದಿದ್ರಿ?" ಎಂದು ಕೇಳಿದ.

ಹೊರುವ ದಿನ ಮಳೆ ಜೋರಿತ್ತು, ಯಾರ್ಯಾರೋ ಹೆಗಲು ಬದಲಿಸಿದ್ದರು. ಯಾರಿಗೂ ನೆನಪಿರಲಿಲ್ಲ.