ಹಾಲು ಉಕ್ಕಿಸ್ರಿ, ಮಲಗಬ್ಯಾಡ್ರಿ

ಹೊಸ ಮನೆಗೆ ಹೋದವರು ಅಡುಗೆಮನೆಯ ಕಲ್ಲು ಸವರುತ್ತಾರೆ, ಕಿಟಕಿಯ ಬಳಿ ನಿಂತು ಎಷ್ಟು ಬೆಳಕು ಎನ್ನುತ್ತಾರೆ. ದಾನಪ್ಪ ಸೀದಾ ಬೇಸ್‌ಮೆಂಟಿಗೆ ಇಳಿದು ಪೈಪು ತಟ್ಟುತ್ತಿದ್ದ. ಅವನ ಉದ್ಯೋಗವೇ ಅದು. ಡೆಟ್ರಾಯಿಟ್ ಕಡೆ, ನೋವೈ ಎಂಬ ಊರಿನಿಂದ ಹೆದ್ದಾರಿಯಲ್ಲಿ ಎರಡು ಎಕ್ಸಿಟ್ ಆಚೆಗಿನ ಟೌನ್‌ಶಿಪ್ಪಿನಲ್ಲಿ, ಎಂದರೆ ಅಲ್ಲಿನ ಪಂಚಾಯ್ತಿಯಲ್ಲಿ, ಅವನು ಬಿಲ್ಡಿಂಗ್ ಇನ್ಸ್‌ಪೆಕ್ಟರ್. ಮನೆ ಕಟ್ಟಿ ಮುಗಿದ ಮೇಲೆ ಅವನು ಬಂದು, ಮೂಲೆಮೂಲೆ ನೋಡಿ, ವಾಸಕ್ಕೆ ಯೋಗ್ಯ ಎಂದು ಸರ್ಟಿಫಿಕೇಟಿಗೆ ಸಹಿ ಹಾಕಬೇಕು. ಅಲ್ಲಿಯವರೆಗೆ ಕೊಂಡವನೂ ಆ ಮನೆಯಲ್ಲಿ ಕಾಲಿಡುವಂತಿಲ್ಲ.

ಎಂಟು ವರ್ಷದಲ್ಲಿ ಸಾವಿರ ಮನೆಗೆ ಸಹಿ ಹಾಕಿದ ಈ ಮಹಾನುಭಾವ ತಾನು ಮಾತ್ರ ಹೆಂಡತಿ ನೀಲಗಂಗಾಳೊಂದಿಗೆ ಬಾಡಿಗೆಯ ಅಪಾರ್ಟ್‌ಮೆಂಟಿನಲ್ಲಿದ್ದ. ಮೊದಮೊದಲು ಕೈಯಲ್ಲಿ ಒಂದಿಷ್ಟು ಇತ್ತು. ಆದರೆ ನೋಡಲು ಹೋದ ಮನೆಯಲ್ಲೆಲ್ಲ ಅವನಿಗೆ ಒಂದು ಕೊರತೆ ಕಾಣುತ್ತಿತ್ತು. ಇಲ್ಲಿ ತೊಲೆ ಸಣ್ಣದು, ಅಲ್ಲಿ ಗೋಡೆ ಒಸರುತ್ತದೆ, ಇನ್ನೊಂದರಲ್ಲಿ ವೈರು ಎಳೆದವನು ಕುಡಿದಿದ್ದನೋ ಏನೋ. ಹೀಗೆ ಕೊರತೆ ಹುಡುಕುವಷ್ಟರಲ್ಲಿ ಮಗಳು ಚೇತನಾಳ ಓದು ಬಂತು, ಮದುವೆ ಬಂತು, ಕೂಡಿಟ್ಟದ್ದು ಕರಗಿತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ದಾನಪ್ಪ ಮದುವೆಯನ್ನು ಮಾಡಿ ನೋಡಿದ; ಮನೆಯನ್ನು ಬರೀ ನೋಡಿದ.

ನೀಲಗಂಗಾ ಒಂದು ಸಲ ಊರಿಗೆ ಹೋದಾಗ ಬಾಗಲಕೋಟೆಯ ಪೇಟೆಯಲ್ಲಿ ಸ್ಟೀಲಿನ ಬೋಗುಣಿಯೊಂದನ್ನು ಕೊಂಡು ತಂದಿದ್ದಳು. ಸ್ವಂತ ಮನೆಯ ಗೃಹಪ್ರವೇಶದ ದಿನ ಹಾಲು ಉಕ್ಕಿಸುವುದಕ್ಕೆ. ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ ಅದು ಹದಿನಾರು ವರ್ಷದಿಂದ ಬಟ್ಟೆಯ ಕ್ಲಾಸೆಟ್ಟಿನ ಮೇಲುಹಲಗೆಯಲ್ಲಿ ಕೂತಿತ್ತು. ನಡುವೆ ಎರಡು ಸಲ ಅಪಾರ್ಟ್‌ಮೆಂಟ್ ಬದಲಿಸಿದರು. ಗೆಳತಿಯರು ಇಲ್ಲೂ ಒಂದು ಲೋಟ ಹಾಲು ಉಕ್ಕಿಸು ಎಂದರೆ ಅವಳು ಕೇಳಲಿಲ್ಲ. "ಬಾಡಿಗಿ ಮನಿಗೆ ಯಾಕ ಹಾಲು? ನಮ್ಮ ಮನಿ ಆಗಲಿ, ಉಕ್ಕಿಸೂನು," ಎನ್ನುತ್ತಿದ್ದಳು.

ದಾನಪ್ಪ ಕೆಲಸಕ್ಕೆ ಸೇರಿದ ವರ್ಷ ಟೌನ್‌ಶಿಪ್ ಆಫೀಸಿನ ಗೋಡೆಯ ಮೇಲೆ ದೊಡ್ಡ ನಕ್ಷೆಯೊಂದು ತೂಗುಬಿದ್ದಿತು. ಹದಿನೈದು ವರ್ಷದಲ್ಲಿ ಜನಸಂಖ್ಯೆ ಎರಡರಷ್ಟು ಆಗುತ್ತದೆ ಎಂದು ಅದರ ಕೆಳಗೆ ಬರೆದಿತ್ತು. ಜನ ಬರುತ್ತಾರಂತೆ! ಯಾರು, ಎಲ್ಲಿಂದ, ಯಾವ ಕೆಲಸ ನಂಬಿಕೊಂಡು ಎಂದು ಒಬ್ಬನೂ ಕೇಳಲಿಲ್ಲ. ಜೋಳದ ಹೊಲ ಹೋಗಿ ಸಬ್‌ಡಿವಿಷನ್ ಎಂಬ ಬಡಾವಣೆ ಆಯಿತು, ಸೇಬಿನ ತೋಟ ಹೋಗಿ ಇನ್ನೊಂದಾಯಿತು. ಆರು ಜನ ಇನ್ಸ್‌ಪೆಕ್ಟರುಗಳು ಊಟಕ್ಕೂ ಬಿಡುವಿಲ್ಲದೆ ಓಡಾಡಿದರು. ಕಾರು ಕಂಪನಿಗಳ ಇಂಜಿನಿಯರುಗಳು ಬಂದರು, ಅವರಲ್ಲಿ ನಮ್ಮವರೂ ಬಂದರು. ನಮ್ಮವರು ಬಂದ ಮೇಲೆ ಪಂಚಾಂಗವೂ ಬಂತು.

ಅಲ್ಲೇ ತೊಡಕು. ಬಿಲ್ಡರ್ ಮನೆ ಕೊಡುವ ದಿನಕ್ಕೂ ಪುರೋಹಿತರು ಕೊಡುವ ಮುಹೂರ್ತಕ್ಕೂ ತಾಳೆಯಾದದ್ದೇ ಇಲ್ಲ. ಮೊದಲ ವರ್ಷ ಒಂದು ಕುಟುಂಬಕ್ಕೆ ದಾನಪ್ಪ ಖಡಾಖಂಡಿತವಾಗಿ ಆಗದು ಎಂದ. ಆ ಹೆಣ್ಣುಮಗಳು ಡ್ರೈವ್‌ವೇಯಲ್ಲಿ ಹಾಲಿನ ಕ್ಯಾನು ಹಿಡಿದು ನಿಂತು ಅತ್ತಳು. ಅದು ಅವನ ಎದೆಯಲ್ಲಿ ಕೂತುಬಿಟ್ಟಿತು. ಮುಂದಿನ ಸಲದಿಂದ ತನ್ನದೇ ಒಂದು ಕಾನೂನು ಮಾಡಿಕೊಂಡ. ಮುಹೂರ್ತದ ಹಿಂದಿನ ಸಂಜೆ ತಾನೇ ಹೋಗಿ ಗ್ಯಾಸು, ನೀರು, ಬೆಂಕಿ ಮೂರನ್ನೂ ನೋಡಿ ಬರುತ್ತಿದ್ದ. ಆಮೇಲೆ ಮನೆಯವರಿಗೆ ಗುಟ್ಟಾಗಿ ಹೇಳುತ್ತಿದ್ದ: "ಹಾಲು ಉಕ್ಕಿಸ್ರಿ, ಮಲಗಬ್ಯಾಡ್ರಿ. ಮಲಗೂದು ನನ್ನ ಸಹಿ ಆದ ಮ್ಯಾಲೆ. ಹೋಮ ಮಾಡೂದಿದ್ರ ಸ್ಮೋಕ್ ಅಲಾರಂಗೆ ಶವರ್ ಕ್ಯಾಪ್ ಹಾಕ್ರಿ, ಇಲ್ಲಾಂದ್ರ ಫೈರ್ ಎಂಜಿನ್ನೇ ಆರತಿಗೆ ಬರ್ತೈತಿ."

ಈ ಕಾನೂನು ಯಾವ ಪುಸ್ತಕದಲ್ಲೂ ಇರಲಿಲ್ಲ. ಆದರೆ ಬಾಲಾಜಿ ದೇವಸ್ಥಾನದ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಎರಡು ಸಾವಿರದ ಎಂಟು ಬಂತು. ಕಾರಿನ ಕಾರ್ಖಾನೆಗಳು ಕೆಮ್ಮಿದವು, ಊರಿಗೆ ಊರೇ ಜ್ವರ ಹಿಡಿದು ಮಲಗಿತು. ಬರಬೇಕಾದ ಜನ ಬರಲಿಲ್ಲ, ಇದ್ದವರು ಟೆಕ್ಸಾಸಿಗೆ ಹೊರಟರು. ಹೆರಾನ್ ರಿಡ್ಜ್ ಎಂಬ ಸಬ್‌ಡಿವಿಷನ್ನಿನಲ್ಲಿ ಅರವತ್ತನಾಲ್ಕು ಮನೆಗೆ ರಸ್ತೆ ಹಾಕಿದ್ದರು, ಎದ್ದದ್ದು ಹನ್ನೊಂದು. ಮಿಕ್ಕ ಕಡೆ ಬೀದಿದೀಪ ಉಂಟು, ಬೆಂಕಿ ಆರಿಸುವ ಕೆಂಪು ನಲ್ಲಿ ಉಂಟು, ಹೆಸರಿನ ಹಲಗೆ ಉಂಟು, ಮನೆಯೊಂದೇ ಇಲ್ಲ. ಹಿಮದಲ್ಲಿ ಅಲ್ಲಿ ಕಾರು ಓಡಿಸುವಾಗ ದಾನಪ್ಪನಿಗೆ ಮೈಯೆಲ್ಲ ಭಾರವಾಗುತ್ತಿತ್ತು. ಆರು ಇನ್ಸ್‌ಪೆಕ್ಟರುಗಳಲ್ಲಿ ಮೊದಲು ಇಬ್ಬರು ಹೋದರು, ಕ್ರಿಸ್‌ಮಸ್ಸಿಗೆ ಮತ್ತಿಬ್ಬರು. ಉಳಿದಿದ್ದು ದಾನಪ್ಪ ಮತ್ತು ಇನ್ನೊಬ್ಬ. ದಾನಪ್ಪನಿಗೆ ಆಗ ಐವತ್ತೆಂಟು. ಇನ್ನೆರಡು ವರ್ಷ ತಳ್ಳಿದರೆ ಪಿಂಚಣಿಯ ಜೊತೆ ಇಬ್ಬರಿಗೂ ಸಾಯುವ ತನಕ ಆಸ್ಪತ್ರೆಯ ವಿಮೆ. ನೀಲಗಂಗಾಳಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಮೂರು ಹೊತ್ತು ಇನ್ಸುಲಿನ್. ಹಾಗಾಗಿ ಆ ಎರಡು ವರ್ಷ ಅವನಿಗೆ ಬರೀ ಎರಡು ವರ್ಷವಾಗಿರಲಿಲ್ಲ.

ಫೆಬ್ರವರಿಯ ಒಂದು ಸಂಜೆ ಹೆರಾನ್ ರಿಡ್ಜಿನ ಹನ್ನೊಂದನೆಯ ಮನೆಯನ್ನು ನೋಡಿಬರಬೇಕಿತ್ತು. ಅದನ್ನು ಕೊಳ್ಳುತ್ತಿದ್ದವನು ಶಶಿಧರ, ಮೈಸೂರಿನವನು, ಕಾರಿನ ಬಿಡಿಭಾಗದ ಕಂಪನಿಯಲ್ಲಿ ಇಂಜಿನಿಯರ್. ಮರುದಿನ ಬೆಳಿಗ್ಗೆ ಆರೂ ನಲವತ್ತಕ್ಕೆ ಮುಹೂರ್ತ, ಹತ್ತು ಗಂಟೆಗೆ ದಾನಪ್ಪನ ಕೊನೆಯ ಇನ್‌ಸ್ಪೆಕ್ಷನ್. ಆದರೆ ಅದೇ ಸಂಜೆ ಟೌನ್‌ಶಿಪ್ಪಿನ ಮುಖ್ಯಸ್ಥ ಮೀಟಿಂಗಿಗೆ ಕರೆದ. ಎರಡು ಗಂಟೆ ಕೂರಿಸಿ ಕೊನೆಗೆ ಹೇಳಿದ, ಒಬ್ಬನನ್ನೇ ಇಟ್ಟುಕೊಳ್ಳುತ್ತೇವೆ, ಅದು ನೀನು. ಇನ್ನೊಬ್ಬ ಎದ್ದು ಇವನ ಕೈ ಕುಲುಕಿ ಹೋದ. ಹೊರಗೆ ಬಂದ ದಾನಪ್ಪ ಕಾರು ಹತ್ತಿ, ಕೀಲಿ ತಿರುಗಿಸದೆ ಸೀಟಿಗೆ ಒರಗಿದ. ಸಂತೋಷಕ್ಕೂ ದಣಿವು ಇರುತ್ತದೆ.

ಅಷ್ಟರಲ್ಲಿ ಶಶಿಧರನ ಫೋನು. "ಅಂಕಲ್, ನಾಳೆ ಬೆಳಿಗ್ಗೆ ಹಾಲು ಉಕ್ಕಿಸ್ಬೋದಲ್ವಾ? ನೀವು ಹೂಂ ಅಂದ್ರೆ ಮಾತ್ರ. ಸೈಟ್‌ನವರು ಕೀ ಕೊಟ್ಟಿದಾರೆ."

ಹೋಗಿ ನೋಡಬೇಕಿತ್ತು. ಹದಿನಾಲ್ಕು ಮೈಲಿ. ರಸ್ತೆಯ ಮೇಲೆ ಮಂಜುಗಡ್ಡೆ. "ಉಕ್ಕಿಸ್ರಿ. ಮಲಗಬ್ಯಾಡ್ರಿ," ಎಂದು ಹೇಳಿ ದಾನಪ್ಪ ಮನೆಗೆ ಹೋದ. ಎಂಟು ವರ್ಷದಲ್ಲಿ ನೋಡದೆ ಹೇಳಿದ್ದು ಅದೊಂದೇ ಸಲ.

ಮರುದಿನ ಫ್ಯಾರನ್‌ಹೀಟಿನಲ್ಲಿ ಹನ್ನೆರಡು ಡಿಗ್ರಿ, ನೀರು ಕಲ್ಲಾಗುವ ಚಳಿ. ಹತ್ತಕ್ಕೆ ಅವನು ಹೋದಾಗ ಗರಾಜಿನ ಬಾಗಿಲಲ್ಲಿ ಚಪ್ಪಲಿ, ಬೂಟುಗಳ ಸಾಲು. ಬಾಗಿಲಿಗೆ ಪ್ಲಾಸ್ಟಿಕ್ಕಿನ ಮಾವಿನೆಲೆಯ ತೋರಣ. ಪುರೋಹಿತರು ಮುಗಿಸಿಕೊಂಡು ಹೊರಟುಹೋಗಿದ್ದರು. ಒಳಗೆ ತುಪ್ಪದ ಹೊಗೆ, ಸೀದ ಹಾಲಿನ ವಾಸನೆ. ಶಶಿಧರನ ತಾಯಿ ಚಿಕ್ಕತಾಯಮ್ಮ ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದರು.

"ಬೆಳಗ್ಗಿಂದ ಏನೂ ತಿಂದಿಲ್ಲ ಕಣಪ್ಪಾ, ಅದಕ್ಕೇ ತಲೆ ಸಿಡೀತಿದೆ," ಎಂದರು.

"ನಂಗೂ ವಾಕರಿಕೆ ಬರ್ತಿದೆ ಅಂಕಲ್," ಎಂದಳು ಶಶಿಧರನ ಹೆಂಡತಿ ಮೈತ್ರೇಯಿ. "ಹೊಗೆ ಜಾಸ್ತಿ ಆಯ್ತು ಅನ್ಸತ್ತೆ."

ಒಬ್ಬರಿಗೆ ತಲೆನೋವಾದರೆ ಉಪವಾಸ. ಇಬ್ಬರಿಗೆ ಆದರೆ? ದಾನಪ್ಪ ತಲೆಯೆತ್ತಿ ನೋಡಿದ. ಛಾವಣಿಯಲ್ಲಿದ್ದ ಅಲಾರಂಗೆ ಅಚ್ಚುಕಟ್ಟಾಗಿ ಶವರ್ ಕ್ಯಾಪ್ ಹಾಕಿದ್ದರು. ಹೊಗೆಗೂ ವಿಷಗಾಳಿಗೂ ಕೂಗುವ ಅಲಾರಂ ಅದೊಂದೇ.

ಮೊಣಕಾಲು ನೋವನ್ನು ಮರೆತು ಬೇಸ್‌ಮೆಂಟಿಗೆ ಇಳಿದ. ಬೆಳಗಿನಿಂದ ಸ್ನಾನ, ಪಾತ್ರೆ ಎಂದು ಬಿಸಿನೀರು ಹರಿಸಿದ್ದರು. ನೀರು ಕಾಯಿಸುವ ಗ್ಯಾಸಿನ ಹಂಡೆ ಬುಸುಗುಟ್ಟುತ್ತಿತ್ತು. ಅದರ ಹೊಗೆಯನ್ನು ಮನೆಯ ಹೊರಗೆ ಒಯ್ಯಬೇಕಾದ ತಗಡಿನ ಕೊಳವೆ ಕೀಲಿನಲ್ಲಿ ಕಳಚಿ ಪಕ್ಕಕ್ಕೆ ವಾಲಿತ್ತು. ಸಂಬಳ ಸಿಗದ ಪ್ಲಂಬರ್ ಸ್ಕ್ರೂ ಹಾಕದೆಯೇ ಹೋಗಿದ್ದ. ದಾನಪ್ಪ ಜೇಬಿನಿಂದ ಪುಟ್ಟ ಕನ್ನಡಿ ತೆಗೆದ. ಅದು ನೀಲಗಂಗಾಳ ಹಳೆಯ ಕುಂಕುಮದ ಪೆಟ್ಟಿಗೆಯದು. ಹಂಡೆಯ ನೆತ್ತಿಯ ಬಳಿ ಹಿಡಿದ. ಹೊಗೆ ಸರಿಯಾಗಿ ಮೇಲೆ ಹೋಗುತ್ತಿದ್ದರೆ ಕನ್ನಡಿ ತಿಳಿಯಾಗಿರಬೇಕು. ಅದು ಮಂಜಾಯಿತು. ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷ ಸುಮಾರು ನಾಲ್ಕು ತಾಸಿನಿಂದ ಮನೆ ತುಂಬುತ್ತಿತ್ತು.

ಗ್ಯಾಸು ಮುಚ್ಚಿ ಮೇಲೆ ಓಡಿದ. "ಎಲ್ಲಾರೂ ಹೊರಗ ನಡೀರಿ! ಕೋಟು ಆಮ್ಯಾಗ, ಮೊದಲ ಹೊರಗ!"

"ದೀಪ ಉರೀತಿದೆಯಲ್ಲಪ್ಪಾ, ಹಂಗೆ ಬಿಟ್ಟು ಬರಬಾರದು," ಎಂದರು ಚಿಕ್ಕತಾಯಮ್ಮ, ಏಳಲಾಗದೆ. ದಾನಪ್ಪ ಒಂದು ಕೈಯಲ್ಲಿ ಅವರನ್ನು ಎಬ್ಬಿಸಿ, ಇನ್ನೊಂದು ಕೈಯಲ್ಲಿ ದೀಪ ಎತ್ತಿಕೊಂಡ. ಬಾಗಿಲು ದಾಟಿದ ಕೂಡಲೇ ಗಾಳಿಗೆ ಅದು ಆರಿತು.

ದಾನಪ್ಪ ಫೋನು ಮಾಡಿ ಕರೆಸಿದ ಆಂಬುಲೆನ್ಸಿನವರು ಚಿಕ್ಕತಾಯಮ್ಮ, ಮೈತ್ರೇಯಿ, ಶಶಿಧರ ಮೂವರಿಗೂ ಆಮ್ಲಜನಕ ಕೊಟ್ಟರು. ಬೇಗ ಹೊರಗೆ ಬಂದದ್ದು ಒಳ್ಳೆಯದಾಯಿತು, ಇನ್ನೊಂದು ಗಂಟೆ ಕಳೆದಿದ್ದರೆ ಮಾತೇ ಬೇರೆ ಎಂದರು. ಅಷ್ಟು ಹೊತ್ತಿಗೆ ಬಿಲ್ಡರನ ಕಡೆಯ ಮ್ಯಾನೇಜರ್ ಬಂದ. ಅವನು ಹಂಡೆಯ ಕಡೆ ತಿರುಗಿಯೂ ನೋಡಲಿಲ್ಲ. ತೋರಣದ ಫೋಟೋ ತೆಗೆದ, ಚಪ್ಪಲಿಗಳ ಫೋಟೋ ತೆಗೆದ. ಸರ್ಟಿಫಿಕೇಟಿಗೆ ಮೊದಲೇ ಮನೆ ಹೊಕ್ಕರೆ ಕರಾರು ಮುರಿದಂತೆ, ಮುಂಗಡ ಬಿಲ್ಡರನ ಪಾಲು, ಹಾಗೆಂದು ಕಾಗದದಲ್ಲಿ ಇದೆ ಎಂದ. ಮುಳುಗುತ್ತಿದ್ದ ಬಿಲ್ಡರನಿಗೆ ಹುಲ್ಲುಕಡ್ಡಿ ಸಿಕ್ಕಿತ್ತು. ಆ ಮುಂಗಡ ಶಶಿಧರನ ಒಂಬತ್ತು ವರ್ಷದ ಉಳಿತಾಯವಷ್ಟೂ ಆಗಿತ್ತು.

"ಒಳಗೆ ಹೋಗಲು ನಿಮಗೆ ಹೇಳಿದವರು ಯಾರು? ಟೌನ್‌ಶಿಪ್ಪಿನವರು ಒಪ್ಪಿದ್ದರೆ ಮಾತು ಬೇರೆ," ಎಂದು ಮ್ಯಾನೇಜರ್ ಇಂಗ್ಲಿಷಿನಲ್ಲಿ ಕೇಳಿದ.

ಶಶಿಧರ ಆಮ್ಲಜನಕದ ಮುಸುಕು ತೆಗೆದು ದಾನಪ್ಪನನ್ನು ಒಂದು ಕ್ಷಣ ನೋಡಿದ. "ಯಾರೂ ಇಲ್ಲ. ನನ್ನದೇ ತಪ್ಪು," ಎಂದ.

ದಾನಪ್ಪ ಕಾರಿನಲ್ಲಿ ಕೂತು ರಿಪೋರ್ಟಿನ ಹಾಳೆ ತೊಡೆಯ ಮೇಲಿಟ್ಟುಕೊಂಡ. ಕೊಳವೆಯದು ಬರೆದ, ಪ್ಲಂಬರನದು ಬರೆದ, ಫೇಲ್ ಎಂದು ಗುರುತು ಹಾಕಿದ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆ ಹುಡುಗನೇ ಬಾಯಿ ಮುಚ್ಚಿಕೊಂಡ ಮೇಲೆ ಇವನನ್ನು ಯಾರು ಕೇಳಬೇಕು? ನಿನ್ನೆ ತಾನೇ ಕೆಲಸ ಉಳಿದಿದೆ. ಇನ್ಸುಲಿನ್ ಇದೆ. ಅರ್ಧ ಗಂಟೆ ಅವನು ಪೆನ್ನು ಹಿಡಿದು ಕೂತ. ಅವನಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ, ಹದಿನಾಲ್ಕು ಮೈಲಿಯ ಮೇಲೆ ಮಾತ್ರ ಬಂತು. ಕಡೆಗೆ ಬರೆದ: ಮನೆಯವರು ನನ್ನ ಅನುಮತಿಯಿಂದ ಒಳಗೆ ಹೋದರು. ಅನುಮತಿ ಕೊಡುವ ಮುಂಚೆ ನಾನು ಮನೆಯನ್ನು ನೋಡಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದು ನೀಲಗಂಗಾಳಿಗೆ ಹೇಳಿದ. ಅವಳು ರೊಟ್ಟಿ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು.

"ಆ ಹುಡುಗ ನಿಮ್ಮ ಹೆಸರು ಹೇಳಲಿಲ್ಲ ಅಂತೀರಿ."

"ಇಲ್ಲ."

"ಆದ್ರೂ ಬರದ್ರಿ."

"ಮೂರು ಜೀವ, ನೀಲಾ. ನಾ ಹೋಗಿ ನೋಡಿದ್ರ ಐದು ನಿಮಿಷದ ಕೆಲಸ."

"ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದಳು ನೀಲಗಂಗಾ. ರೊಟ್ಟಿ ತಟ್ಟೆಗೆ ಹಾಕಿದಳು, ತುಪ್ಪವನ್ನೂ ಹಾಕಿದಳು, ಎರಡು ದಿನ ಮಾತಾಡಲಿಲ್ಲ.

ಮುಂದಿನದು ಬೇಗ ಮುಗಿಯಿತು. ಟೌನ್‌ಶಿಪ್ಪಿನವರು ಶುಕ್ರವಾರವೇ ಅವನ ಗುರುತಿನ ಬಿಲ್ಲೆ ವಾಪಸ್ ಪಡೆದು ಕೆಲಸದಿಂದ ತೆಗೆದರು. ಮುಖ್ಯಸ್ಥ ನಿಜಕ್ಕೂ ನೊಂದುಕೊಂಡ, ಆದರೆ ಅವನು ನೊಂದುಕೊಂಡ ಮಾತ್ರಕ್ಕೆ ವಿಮೆ ಸಿಗುವುದಿಲ್ಲ. ದಾನಪ್ಪನ ಆ ಸಾಲನ್ನು ಹಿಡಿದು ವಕೀಲರು ಶಶಿಧರನ ಮುಂಗಡ ಬಿಡಿಸಿಕೊಟ್ಟರು. ಜೂನ್ ಹೊತ್ತಿಗೆ ಶಶಿಧರನ ಮನೆಯವರು ನೋವೈಯಲ್ಲೇ ಬ್ಯಾಂಕಿನ ಪಾಲಾಗಿದ್ದ ಮನೆಯೊಂದನ್ನು ಅರ್ಧ ಬೆಲೆಗೆ ಕೊಂಡರು. ಚಿಕ್ಕತಾಯಮ್ಮನೇ ಫೋನು ಮಾಡಿ ಗೃಹಪ್ರವೇಶಕ್ಕೆ ಕರೆದರು. ದಾನಪ್ಪ ಹೋಗಲಿಲ್ಲ. ಅವರ ಮುಖ ನೋಡಲು ಅವನಿಗೆ ಧೈರ್ಯ ಇರಲಿಲ್ಲ, ಜೊತೆಗೆ ಅದೇ ವಾರ ಅಪಾರ್ಟ್‌ಮೆಂಟ್ ಖಾಲಿ ಮಾಡಬೇಕಿತ್ತು.

"ಡ್ಯಾಡ್, ಜಸ್ಟ್ ಕಮ್ ಹಿಯರ್," ಎಂದಿದ್ದಳು ಚೇತನಾ. ಅವಳು ಗಂಡನೊಂದಿಗೆ ಶಿಕಾಗೋ ಹತ್ತಿರದ ಎಲ್ಕ್ ಗ್ರೋವ್ ವಿಲೇಜಿನಲ್ಲಿದ್ದಳು. ಅಲ್ಲಿನ ಇಂಡಸ್ಟ್ರಿಯಲ್ ಪಾರ್ಕಿನ ಗೋದಾಮೊಂದರಲ್ಲಿ ಬಂದ ಲಾರಿಗಳ ಸರಕು ನೋಡಿ ಟಿಕ್ ಹಾಕುವ ಕೆಲಸ ದಾನಪ್ಪನಿಗೆ ಸಿಕ್ಕಿತು. ಸಂಬಳ ಅರ್ಧ, ವಿಮೆಯಿತ್ತು, ಇನ್ಸುಲಿನ್‌ಗೆ ಸಾಕಾಗುವಷ್ಟು. ಮಗಳ ಮನೆಯಲ್ಲಿ ಇರಲು ನೀಲಗಂಗಾ ಒಪ್ಪಲಿಲ್ಲ. ಒಂದು ಮೈಲಿ ಆಚೆ, ವಿಮಾನಗಳು ತಲೆ ಸವರಿಕೊಂಡು ಇಳಿಯುವ ಕಡೆ, ಹಳೆಯ ಕಟ್ಟಡದಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದರು.

ಸಾಮಾನು ಬಿಚ್ಚಿದ ಭಾನುವಾರ ಬೆಳಿಗ್ಗೆ ದಾನಪ್ಪ ಡಬ್ಬಿಗಳ ನಡುವೆ ಕೂತಿದ್ದಾಗ ಪ್ಲಾಸ್ಟಿಕ್ ಹರಿಯುವ ಸದ್ದು ಕೇಳಿಸಿತು. ನೀಲಗಂಗಾ ಬೋಗುಣಿಯನ್ನು ಚೀಲದಿಂದ ಹೊರಗೆ ತೆಗೆದಿದ್ದಳು. ತೊಳೆದಳು. ಹಾಲು ಹೊಯ್ದಳು. ದಾನಪ್ಪ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದ.

"ಇದು ಬಾಡಿಗಿ ಮನಿ ಐತಿ, ನೀಲಾ."

"ಗೊತ್ತೈತಿ," ಎಂದಳು. "ಕಾಯಾಕ ನನಗ ಇನ್ನ ಆಗಂಗಿಲ್ರಿ. ಹೋಗ್ರಿ, ಆ ನೀರಿನ ಹಂಡೆ ನೋಡಿ ಬರ್ರಿ. ನೀವು ನೋಡಿದ ಮ್ಯಾಲೆ ಒಲಿ ಹಚ್ತೀನಿ."

ಅವನು ಕುಂಕುಮದ ಪೆಟ್ಟಿಗೆಯ ಕನ್ನಡಿ ಹುಡುಕಿಕೊಂಡು ಹಂಡೆ ಇದ್ದ ಗೂಡಿನ ಬಾಗಿಲು ತೆಗೆದ. ಕೊಳವೆಯ ಒಂದೊಂದು ಕೀಲನ್ನೂ ಬೆರಳಿಂದ ಅಲುಗಿಸಿ ನೋಡಿದ. ಕನ್ನಡಿ ಹಿಡಿದ, ಒರೆಸಿ ಮತ್ತೊಮ್ಮೆ ಹಿಡಿದ. ಬಂದು ಅವಳಿಗೆ ತೋರಿಸಿದ. ತಿಳಿಯಾಗಿತ್ತು. ಅವಳು ಒಲೆ ಹಚ್ಚಿದಳು. ಇಬ್ಬರೂ ನಿಂತು ನೋಡುತ್ತಿದ್ದಂತೆ ಹಾಲು ಮೇಲೆದ್ದು, ಅಂಚು ದಾಟಿ, ಒಲೆಯ ಮೇಲೆಲ್ಲ ಹರಿಯಿತು.

ನೀಲಗಂಗಾ ಒಲೆ ಆರಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು.

"ಇನ್ನ ಇಲ್ಲೇ ಮಲಗಬಹುದಲ್ರಿ?" ಎಂದಳು.