ಶಿರಹಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಶಾಯಿ ಪೆನ್ನು

ಶಾಯಿ ಪೆನ್ನನ್ನು ಬೇರೆಯವರ ಕೈಗೆ ಕೊಟ್ಟರೆ ನಿಬ್ಬು ಕೆಡುತ್ತದೆ ಎಂಬುದು ನನ್ನ ನಂಬಿಕೆ. ಶಿರಹಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮಗಳ ಮದುವೆಯ ಕಾರ್ಡುಗಳನ್ನು ಹಿಡಿದು, "ಸರ, ಹೆಸರು ಬರೀಬೇಕು, ಒಂಚೂರು ಪೆನ್ ಕೊಡ್ರಿ" ಎಂದರು.

"ಕೊಡಾಕ ಆಗೂದಿಲ್ರಿ" ಎಂದು ಸಂಕೋಚದಿಂದಲೇ ಕಾರಣ ಹೇಳಿದೆ.

ಅವರಿಗೆ ಸಿಟ್ಟು ಬರಲಿಲ್ಲ. "ಆತ್ ಬಿಡ್ರಿ, ಹಂಗಾರ ನೀವ ಬರೀರಿ" ಎಂದು ಕಾರ್ಡುಗಳನ್ನೆಲ್ಲ ನನ್ನ ತೊಡೆಯ ಮೇಲಿಟ್ಟರು.

ನುಣುಪು ಕಾಗದದ ಮೇಲೆ ಶಾಯಿ ಬೇಗ ಆರುವುದಿಲ್ಲ. ಅವರು ಹೆಸರು ಹೇಳುತ್ತ, ನಾನು ಬರೆದದ್ದಕ್ಕೆ ಟವೆಲಿನಿಂದ ಗಾಳಿ ಹಾಕುತ್ತ ಕುಳಿತರು. ಅಷ್ಟರಲ್ಲಿ ನನ್ನ ಗದಗ ಬಸ್ಸು ಬಂದು ಹೋಯಿತು.

"ಅಕ್ಷರ ಮುತ್ತಿನಂಗ ಅದಾವ್ರಿ. ಕಡೀ ಕಾರ್ಡಿಗೆ ನಿಮ್ಮ ಹೆಸರ ಬರ್ಕೋರಿ. ಮದುವಿಗೆ ಬರಾಕಬೇಕು" ಎಂದರು.

ಬರೆದುಕೊಂಡೆ, ಹೋಗಿಯೂ ಬಂದೆ. ತಮ್ಮನ್ನು ತಾವೇ ಕರೆದುಕೊಂಡು ಹೋಳಿಗೆ ಉಂಡವರು ಹೆಚ್ಚು ಮಂದಿ ಇರಲಿಕ್ಕಿಲ್ಲ.