ಧ್ಯಾನಿಯ ಕೈ

ನನ್ನ ತಮ್ಮನಿಗೆ ಬೀದಿಯವರೆಲ್ಲ ಧ್ಯಾನಿ ಎಂದು ಹೆಸರಿಟ್ಟಿದ್ದರು. ಇಡದೆ ಇನ್ನೇನು ಮಾಡಿಯಾರು? ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿ, ಕತ್ತಿ ಎತ್ತಿ, ಅರ್ಧಕ್ಕೇ ನಿಂತುಬಿಡುತ್ತಿದ್ದ. ಕಣ್ಣು ತೆರೆದೇ ಇರುತ್ತಿತ್ತು, ನೋಟ ಮಾತ್ರ ಎಲ್ಲೋ. ತುಟಿ ಚಪ್ಪರಿಸುತ್ತಿದ್ದ. ಎಡಗೈ ಗಿರಾಕಿಗೆ ಹೊದಿಸಿದ ಬಟ್ಟೆಯನ್ನು ಸುಮ್ಮಸುಮ್ಮನೆ ಚಿವುಟುತ್ತಿತ್ತು. ಸ್ವಲ್ಪ ಹೊತ್ತಿಗೆ ಏನೂ ಆಗದವನಂತೆ ಕೆಲಸ ಮುಂದುವರಿಸುತ್ತಿದ್ದ. ಕುರ್ಚಿಯಲ್ಲಿ ಕೂತವರು ಅಲ್ಲಾಡದೆ ಕಾಯುತ್ತಿದ್ದರು. "ಅವಸರ ಮಾಡ್ಬೇಡಿ, ಧ್ಯಾನಿ ಮೀಸೆ ಅಳತೆ ನೋಡ್ತಿದಾನೆ" ಎಂದು ಬೆಂಚಿನ ಮೇಲಿದ್ದವರು ನಗುತ್ತಿದ್ದರು. ಒಳ್ಳೆ ಕೈಯವನು ತಡ ಮಾಡಿದರೆ ಅದನ್ನೂ ಜನ ಕಲೆ ಎಂದೇ ತಿಳಿಯುತ್ತಾರೆ. ಅದೊಂದು ಕಾಯಿಲೆ ಎಂದು ಯಾರಿಗೂ ಹೊಳೆಯಲಿಲ್ಲ.

ನನ್ನ ಹೊಲಿಗೆ ಅಂಗಡಿ ಅವನ ಕ್ಷೌರದ ಅಂಗಡಿಗೆ ಅಂಟಿಕೊಂಡಿದೆ. ನಡುವೆ ಬರೀ ಹಲಗೆಯ ಗೋಡೆ. ಅವನು ಸೀನಿದರೆ ನನಗೆ ಕೇಳುತ್ತಿತ್ತು, ನಾನು ಗಿರಾಕಿಗಳಿಗೆ ಬೈದರೆ ಅವನಿಗೆ. "ಅಕ್ಕಾ, ಮೆಲ್ಲಗೆ ಬೈಯೇ, ಇಲ್ಲಿ ಕೂತೋರು ಬೆಚ್ಚಿಬಿದ್ರೆ ಕಿವಿ ಹೋಗುತ್ತೆ" ಎನ್ನುತ್ತಿದ್ದ. ಅಮ್ಮ ಹೋದಾಗ ಅವನಿಗೆ ಇನ್ನೂ ಸರಿಯಾಗಿ ಅಂಗಿ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಸಾಕಿದವಳು ನಾನೇ. ಮದುವೆ ಮಾಡಿಕೋ ಎಂದರೆ, "ದಿನಾ ಎಲ್ಲರ ತಲೆ ಹಿಡೀತೀನಿ, ನನ್ನ ತಲೆ ತಿನ್ನೋಕೆ ನೀನಿದೀಯ, ಇನ್ನೊಬ್ಬಳು ಯಾಕೆ?" ಎಂದು ಬಾಯಿ ಮುಚ್ಚಿಸಿದ. ಅಂಗಡಿಯ ಹಿಂದಿನ ಕೋಣೆಯಲ್ಲೇ ಇರುತ್ತಿದ್ದ. ವಾರದ ರಜೆಯ ದಿನ ಮಾತ್ರ ನನ್ನ ಮನೆಯಲ್ಲಿ ಊಟ.

ಅವನು ಹೇಳಿಕೊಳ್ಳುತ್ತಿದ್ದ ಕಾಟ ಒಂದೇ, ತಲೆನೋವು. ಬಂತೆಂದರೆ ತಲೆಗೆ ಟವೆಲು ಬಿಗಿದುಕೊಂಡು ಕತ್ತಲಲ್ಲಿ ಮಲಗುತ್ತಿದ್ದ. ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟರು. ಮೂಗಿನವರು ಹಬೆ ತಗೋ ಎಂದರು. ಹಲ್ಲಿನವರು ದವಡೆ ಹಲ್ಲನ್ನೇ ಕಿತ್ತರು. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ, ನಮಗೆ ಇಲಿಯೂ ಸಿಗಲಿಲ್ಲ, ಗಟ್ಟಿಮುಟ್ಟಾದ ಹಲ್ಲೊಂದು ಹೋಯಿತು. ನೋವಿನ ಗುಳಿಗೆಯನ್ನು ಕಡಲೆಬೀಜದ ಹಾಗೆ ನುಂಗತೊಡಗಿದ. ನುಂಗಿದಷ್ಟೂ ನೋವು ಹೆಚ್ಚಾಯಿತು.

ಕೊನೆಗೆ ನಾನೇ ಎಳೆದುಕೊಂಡು ದೊಡ್ಡಾಸ್ಪತ್ರೆಯ ನರರೋಗದ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ನೋವಿನ ವಿಚಾರ ಕೇಳಿ, ಆಮೇಲೆ ಬೇರೆ ದಾರಿ ಹಿಡಿದರು.

"ನೋವು ಬರೋಕೆ ಮುಂಚೆ ಏನ್ ಮಾಡ್ತಿರ್ತೀರಿ?"

"ಶೇವಿಂಗ್."

"ಆಮೇಲೆ?"

"ಆಮೇಲೆ ತಲೆ ಸಿಡಿಯುತ್ತೆ."

"ನಡುವೆ ಏನಾಗುತ್ತೆ?"

ತಮ್ಮ ನನ್ನ ಮುಖ ನೋಡಿದ. ಆ ನಡುವಿನ ಗಳಿಗೆ ಅವನ ಪಾಲಿಗೆ ಇರಲೇ ಇಲ್ಲ. "ಹತ್ತಿರದಿಂದ ನೋಡಿದೋರು ಯಾರಾದ್ರೂ ಇದ್ರೆ ಕರ್ಕೊಂಡ್ ಬನ್ನಿ" ಎಂದರು ಡಾಕ್ಟರಮ್ಮ.

ಹತ್ತಿರದಿಂದ ನೋಡಿದವರು ಎಂದರೆ ಅವನ ಕುರ್ಚಿಯಲ್ಲಿ ಕೂತವರೇ. ಬೆಳಗಿನ ಮೊದಲ ಗಿರಾಕಿ ನಿವೃತ್ತ ಮೇಷ್ಟ್ರು, ತಪ್ಪದೆ ಬಂದು ಕನ್ನಡಿಯ ಮುಂದೆ ಕೂರುವವರು. ಅವರನ್ನೇ ಕರೆದೊಯ್ದೆ. ಮೇಷ್ಟ್ರು ಸುಮ್ಮನೆ ಹೇಳುವ ಪೈಕಿಯೇ? ಎದ್ದು ನಿಂತು, ಗಾಳಿಯಲ್ಲಿ ಕತ್ತಿ ಹಿಡಿದು, ತುಟಿ ಚಪ್ಪರಿಸುತ್ತ, ಡಾಕ್ಟರಮ್ಮನ ಮೇಜಿನ ಬಟ್ಟೆ ಚಿವುಟಿ, ನನ್ನ ತಮ್ಮನನ್ನು ಹಾಗೇ ಮಾಡಿ ತೋರಿಸಿದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಡಾಕ್ಟರಮ್ಮ ನಗಲಿಲ್ಲ.

ತಲೆಗೆಲ್ಲ ಅಂಟು ಮೆತ್ತಿ ತಂತಿಗಳನ್ನು ಸಿಕ್ಕಿಸಿ ಇಇಜಿ ತೆಗೆದರು. "ಕೂದಲ ಗತಿ ಏನ್ ಮಾಡಿದಾರೆ ನೋಡೇ" ಎಂದು ಗೊಣಗುತ್ತ ಹೊರಬಂದ. ಅದು ಮೂರ್ಛೆ ರೋಗದ ಒಂದು ಬಗೆ ಎಂದರು ಡಾಕ್ಟರಮ್ಮ. ಬಿದ್ದು ಒದ್ದಾಡಿದರೆ ಮಾತ್ರ ಮೂರ್ಛೆಯಲ್ಲ, ಹೀಗೆ ನಿಂತಲ್ಲೇ ಎಚ್ಚರ ತಪ್ಪುವುದೂ ಅದೇ. ತಲೆನೋವು ಅದರ ಬಾಲ. ಗುಳಿಗೆ ಅತಿಯಾಗಿ ಆ ಬಾಲವೂ ಬೆಳೆದಿದೆ. "ಮಾತ್ರೆ ದಿನಾ ಎರಡು ಹೊತ್ತು. ನೀವಾಗೇ ನಿಲ್ಸಬಾರ್ದು, ಅಪಾಯ. ಇದೆಲ್ಲ ಹತೋಟಿಗೆ ಬರೋವರೆಗೂ ಕತ್ತರಿ ಹಿಡೀರಿ, ಕತ್ತಿ ಬೇಡ."

ಅವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಅಂಗಡಿಯ ಬೀಗ ತೆಗೆಯುವಾಗ ಅಂದ, "ಕತ್ತಿ ಹಿಡೀದೇ ಇದ್ರೆ ನಾನು ಯಾರು ಅಕ್ಕಾ?"

ಆದರೂ ಡಾಕ್ಟರಮ್ಮನ ಮಾತು ಕೇಳಿದ. ಹೇಳಿದಂತೆ ಮಾತ್ರೆ ತೆಗೆದುಕೊಂಡ, ನೋವಿನ ಗುಳಿಗೆ ಬಿಟ್ಟ. ಧ್ಯಾನ ನಿಂತಿತು. ತಲೆನೋವೂ ಹೋಯಿತು. ತಿಂಗಳುಗಳು ಕಳೆದ ಮೇಲೆ ಡಾಕ್ಟರಮ್ಮ ಕತ್ತಿ ಹಿಡಿಯಲು ಒಪ್ಪಿದರು. ಅಂದು ಅವನು ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆದ ಸದ್ದನ್ನು ಹಲಗೆಗೆ ಕಿವಿಯಿಟ್ಟು ಕೇಳಿದೆ. ನನಗೆ ಅಳು ಬಂತು, ಖುಷಿಗೆ.

ಆದರೆ ಹಾಳಾದ್ದು, ಕೈ ನಡುಗತೊಡಗಿತು. ಮಾತ್ರೆಯ ನಡುಕ. ಬಲಗೈ ಮಣಿಕಟ್ಟಿನ ಕೆಳಗೆ ಎಡಗೈ ಕೊಟ್ಟುಕೊಂಡು ಕೆಲಸ ಮಾಡುತ್ತಿದ್ದ. ಧ್ಯಾನಕ್ಕೆ ಹೆದರದ ಗಿರಾಕಿಗಳು ನಡುಕಕ್ಕೆ ಹೆದರಿ ಎದುರಿನ ಅಂಗಡಿಗೆ ಹೋದರು. ಮೇಷ್ಟ್ರು ಹೋಗಲಿಲ್ಲ. ಒಂದು ಬೆಳಿಗ್ಗೆ ಅವರ ಗಲ್ಲದ ಮೇಲೆ ಕತ್ತಿ ಆಡಿ, ಬಿಳಿ ಬಟ್ಟೆಯ ಮೇಲೆ ರಕ್ತ ತೊಟ್ಟಿಕ್ಕಿತು. ರಕ್ತ ನಿಲ್ಲಲೆಂದು ಅವನು ಪಟಿಕದ ಕಲ್ಲನ್ನು ನೆನೆಸಿ ಉಜ್ಜಿದ. "ಬಿಡೋ, ಮುದುಕನ ಚರ್ಮ, ಏನು ಮಾಡಿದ್ರೂ ಹರಿಯುತ್ತೆ" ಎಂದರು ಮೇಷ್ಟ್ರು. ಅವನು ಆ ದಿನ ಊಟ ಮಾಡಲಿಲ್ಲ.

"ಡಾಕ್ಟರಮ್ಮನಿಗೆ ಹೇಳೋ" ಎಂದು ನಾನು ಬಡಕೊಂಡೆ. ಒಬ್ಬನೇ ಹೋಗಿಬಂದ. "ಹೇಳ್ದೆ. ಬರ್ತಾ ಬರ್ತಾ ತಾನೇ ಹೋಗುತ್ತಂತೆ" ಎಂದ. ಹಾಗೇ ಆಯಿತು. ಕೆಲವೇ ದಿನಗಳಲ್ಲಿ ಕೈ ಮೊದಲಿನಂತಾಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಹಿಂದಿರುಗಿದರು. ರಜೆಯ ದಿನ ನನ್ನ ಮನೆಯಲ್ಲಿ ಉಂಡು, ನನ್ನೆದುರೇ ಮಾತ್ರೆ ಬಾಯಿಗೆ ಹಾಕಿ, ನಾಲಿಗೆ ಚಾಚಿ ತೋರಿಸುತ್ತಿದ್ದ. "ನೋಡ್ಕೋ, ಪೊಲೀಸಮ್ಮ."

ಆಮೇಲೆ ಒಂದು ಬೆಳಿಗ್ಗೆ ಹಲಗೆಯ ಆಚೆ ದಡ್ ಎಂದು ಸದ್ದಾಯಿತು. ಓಡಿದೆ. ತಮ್ಮ ನೆಲದ ಮೇಲೆ ಬಿದ್ದು ಕೈಕಾಲು ಸೆಟೆದು ಒದ್ದಾಡುತ್ತಿದ್ದ. ಕತ್ತಿ ಬಾಗಿಲ ಹತ್ತಿರ ಬಿದ್ದಿತ್ತು. ಅರ್ಧ ಮುಖದಲ್ಲಿ ನೊರೆಯಿದ್ದ ಮೇಷ್ಟ್ರು ಮಂಡಿಯೂರಿ, ಅವನನ್ನು ಮಗ್ಗುಲಿಗೆ ತಿರುಗಿಸಿ ಹಿಡಿದಿದ್ದರು. ಸೆಳೆತ ನಿಲ್ಲಲೇ ಇಲ್ಲ. ಆಸ್ಪತ್ರೆಯಲ್ಲಿ ಸೂಜಿಯ ಮೇಲೆ ಸೂಜಿ ಕೊಟ್ಟ ಮೇಲೆ ನಿಂತಿತು.

"ಮಾತ್ರೆ ಬಿಟ್ಟಿದ್ರಾ?" ಡಾಕ್ಟರಮ್ಮ ಕೇಳಿದರು.

ನನಗೆ ಪಿತ್ತ ನೆತ್ತಿಗೇರಿತು. "ನನ್ನ ಕಣ್ಣೆದುರಿಗೇ ನುಂಗ್ತಿದ್ದ! ಸುಳ್ಳು ಹೇಳ್ತೀನಾ?"

"ಯಾವ ದಿನ?"

"ರಜಾ ದಿನ, ಊಟ ಆದ್ಮೇಲೆ."

"ಮಿಕ್ಕ ದಿನ?"

ಮಿಕ್ಕ ದಿನ ಅವನು ಉಣ್ಣುತ್ತಿದ್ದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಬ್ಬನೇ.

ಸಂಜೆ ಅವನಿಗೆ ಸ್ವಲ್ಪ ಎಚ್ಚರ ಬಂತು. ಕೇಳಿದೆ. ನಾಲಿಗೆ ಕಚ್ಚಿ ಗಾಯವಾಗಿತ್ತು, ತೊದಲುತ್ತಲೇ ಹೇಳಿದ. "ಕೆಲ್ಸದ ದಿನ ತಗೊಂಡ್ರೆ ಕೈ ನಡುಗುತ್ತೆ ಅಕ್ಕಾ. ರಜಾ ದಿನ ಕುರ್ಚಿ ಖಾಲಿ ಇರುತ್ತಲ್ಲ, ಅವತ್ತು ತಗೋತಿದ್ದೆ."

"ಡಾಕ್ಟರಮ್ಮನಿಗೆ ಹೇಳ್ದೆ ಅಂದ್ಯಲ್ಲೋ!"

"ಹೇಳಿದ್ರೆ ಮತ್ತೆ ಕತ್ತಿ ಬೇಡ ಅಂತಾರೆ."

ಡಾಕ್ಟರಮ್ಮ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ಹೊರಗೆ ಕರೆದು ಹೇಳಿದರು, "ಅಷ್ಟು ನಡುಕ ತರದ ಬೇರೆ ಮಾತ್ರೆ ಇದೆ ಅಮ್ಮ. ಒಂದು ಮಾತು ಹೇಳಿದ್ರೆ ಬದಲಾಯಿಸ್ತಿದ್ದೆ." ಅವರ ಕಣ್ಣಲ್ಲೂ ನೀರಿತ್ತು. ಒಂದು ಮಾತು! ದಿನವಿಡೀ ಊರಿನ ಸುದ್ದಿಯನ್ನೆಲ್ಲ ಕುರ್ಚಿಯ ಸುತ್ತ ಸುತ್ತಿಸುತ್ತಿದ್ದ ಬಾಯಿಗೆ ಆ ಒಂದು ಮಾತು ಬರಲಿಲ್ಲ. ಮುಟ್ಠಾಳ, ಶುದ್ಧ ಮುಟ್ಠಾಳ. ಇವತ್ತಿಗೂ ಎದುರಿಗೆ ಸಿಕ್ಕಿದರೆ ಕಪಾಳಕ್ಕೆ ಬಿಗಿದು ಆಮೇಲೆ ಅಪ್ಪಿಕೊಂಡೇನು.

ಮಾರನೆಯ ದಿನ ಸೆಳೆತ ಮತ್ತೆ ಬಂತು. ಉಸಿರಿಗೆ ನಳಿಗೆ ಹಾಕಿದರು. ಕೆಲವು ದಿನ ಹಾಗೇ ಇದ್ದ. ಆಮೇಲೆ ಇಲ್ಲವಾದ.

ಬಟ್ಟೆ ಸರಿಸಿ ಮುಖ ನೋಡಿದೆ. ಗಡ್ಡ ಬೆಳೆದಿತ್ತು. ಗಡ್ಡ ಬಿಟ್ಟು ಹೊರಗೆ ಮುಖ ತೋರಿಸಿದವನೇ ಅಲ್ಲ. ಮೇಷ್ಟ್ರಿಗೆ ಅಂಗಡಿಯ ಬೀಗದ ಕೈ ಕೊಟ್ಟೆ. ಅವರು ಬಟ್ಟಲು, ಬ್ರಷ್, ಕತ್ತಿ, ಪಟಿಕದ ಕಲ್ಲು ಎಲ್ಲವನ್ನೂ ಅವನ ಬಿಳಿ ಬಟ್ಟೆಯಲ್ಲೇ ಸುತ್ತಿ ತಂದರು. ನಾನು ಸೂಜಿ ಹಿಡಿದವಳು, ಕತ್ತಿ ಹಿಡಿದವಳಲ್ಲ. ನೊರೆ ಹಚ್ಚಿದೆ. ಕತ್ತಿ ಎತ್ತಿದರೆ ಕೈ ಗಡಗಡ ನಡುಗಿತು. ಅವನ ಹಾಗೇ ಮಣಿಕಟ್ಟಿನ ಕೆಳಗೆ ಎಡಗೈ ಕೊಟ್ಟುಕೊಂಡೆ. ಆದರೂ ಗಲ್ಲದ ಹತ್ತಿರ ಕತ್ತಿ ಆಡಿತು.

"ಬಿಡಮ್ಮ" ಎಂದರು ಮೇಷ್ಟ್ರು.

ಗೀರು ಬಿದ್ದಿತ್ತು, ರಕ್ತ ಬರಲಿಲ್ಲ. ಪಟಿಕದ ಕಲ್ಲನ್ನು ನೆನೆಸಿ ಉಜ್ಜಿದೆ. ಆಮೇಲೆ ಇನ್ನೊಂದು ಕೆನ್ನೆಗೆ ನೊರೆ ಹಚ್ಚಿದೆ.